ಚಿನ್ನದ ಸೀಮೆಯ ನಾಯಕ: ಪುನರ್‌ವಿಮರ್ಶಕ ವೆಸ್ಟರ್ನ್ ಸಿನಿಮಾ ಮತ್ತು ಕೋಲಾರದ ಗಣಿಕಥನ

ಪ್ರಶಾಂತ್ ನೀಲ್ ನಿರ್ದೇಶನದ 'ಕೆ.ಜಿ.ಎಫ್: ಚಾಪ್ಟರ್ 1' 2018ರ ಡಿಸೆಂಬರ್‌ನಲ್ಲಿಯೂ ಅದರ ಎರಡನೆಯ ಭಾಗ 2022ರ ಏಪ್ರಿಲ್‌ನಲ್ಲಿಯೂ ತೆರೆಕಂಡ ಮೇಲೆ ಕೋಲಾರವೆಂಬ ಹೆಸರಿಗೆ ಕನ್ನಡನಾಡಿನ ಹೊರಗೆ ಬೇರೊಂದು ಅರ್ಥವೇ ಪ್ರಾಪ್ತವಾಗಿದೆ. ಮಾಸ್ತಿಯವರ ಮಾಲೂರು, ಡಿ.ವಿ.ಜಿ.ಯವರ ಮುಳಬಾಗಿಲು, ಮಾವಿನ ತೋಪುಗಳ ಶ್ರೀನಿವಾಸಪುರ, ಕೋಲಾರಮ್ಮನ ಕೋಲಾರ ಇವುಗಳಲ್ಲಿ ಯಾವುದನ್ನೂ ಅರಿಯದ ಪ್ರೇಕ್ಷಕನಿಗೂ ಈಗ 'ಕೆ.ಜಿ.ಎಫ್.' ಎಂಬ ಮೂರಕ್ಷರಗಳು ಗೊತ್ತು. ಆದರೆ ಅವನಿಗೆ ಗೊತ್ತಿರುವುದು ಮಸಿಬಣ್ಣದ ಆಕಾಶ, ಎತ್ತರದ ಕೋಟೆಗೋಡೆ, ಬೇಡಿಯಲ್ಲಿರುವ ಸಾವಿರಾರು ಜನ ಮತ್ತು ಅವರ ನಡುವೆ ಸುತ್ತಿಗೆ ಹಿಡಿದು ನಿಂತ ಒಬ್ಬ ನಾಯಕ. ಈ ಚಿತ್ರಗಳನ್ನು ಭೂಗತ ಲೋಕದ ಕಥೆಯೆಂದು ಓದುವುದು ವಾಡಿಕೆಯಾಗಿದೆ. ಅವುಗಳ ಕಥನದ ಚೌಕಟ್ಟು ಮಾತ್ರ ಮೂಲತಃ ಅಮೆರಿಕದ 'ವೆಸ್ಟರ್ನ್' ಪ್ರಕಾರದ್ದು. ಅದರಲ್ಲಿಯೂ ಆ ಪ್ರಕಾರವು ತನ್ನನ್ನು ತಾನೇ ಪ್ರಶ್ನಿಸಿಕೊಂಡ ಹಂತದ ತಂತ್ರಗಳನ್ನು ಅವು ಧಾರಾಳವಾಗಿ ಬಳಸಿವೆ. ತಂತ್ರಗಳು ಬಂದವೇ ಹೊರತು ಪ್ರಶ್ನೆ ಬರಲಿಲ್ಲವೆಂಬುದನ್ನು ಪ್ರಸ್ತುತ ಲೇಖನವು ಗಣಿಯ ಇತಿಹಾಸದ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ.

ವೆಸ್ಟರ್ನ್ ಎಂಬುದು ಸಿನಿಮಾದಷ್ಟೇ ಹಳೆಯದು. 1903ರ 'ದಿ ಗ್ರೇಟ್ ಟ್ರೇನ್ ರಾಬರಿ'ಯಿಂದ ಮೊದಲ್ಗೊಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾಲಿವುಡ್ಡಿನ ಪ್ರಧಾನ ಪ್ರಕಾರಗಳಲ್ಲಿ ಅದೊಂದಾಗಿತ್ತು. ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ 1893ರಲ್ಲಿ ಮಂಡಿಸಿದ ಸೀಮಾಂತ ಸಿದ್ಧಾಂತವು ಈ ಪ್ರಕಾರಕ್ಕೆ ಅಪ್ರತ್ಯಕ್ಷವಾಗಿ ತಾತ್ವಿಕ ಬುನಾದಿಯನ್ನು ಒದಗಿಸಿತು. ನಾಗರಿಕತೆ ಮತ್ತು ಕಾಡುನೆಲ ಸಂಧಿಸುವ ಗೆರೆಯಲ್ಲಿಯೇ ಅಮೆರಿಕದ ವ್ಯಕ್ತಿತ್ವ ರೂಪುಗೊಂಡಿತೆಂಬುದು ಅದರ ಸಾರ. ಸರ್ಕಾರ, ನ್ಯಾಯಾಲಯ, ಪೊಲೀಸು ಇನ್ನೂ ಬಂದಿರದ, ಬಂದಿದ್ದರೂ ಬೇರೂರಿರದ ನೆಲದಲ್ಲಿ ಒಬ್ಬ ಮನುಷ್ಯನ ಕೈ ಮತ್ತು ಮಾತು ಎರಡೇ ನ್ಯಾಯವನ್ನು ನಿರ್ಧರಿಸುತ್ತವೆ. ಊರು ಅವನಿಂದ ಉಳಿಯುತ್ತದೆ. ಆದರೆ ಉಳಿದ ಊರಿನಲ್ಲಿ ಅವನಿಗೆ ಜಾಗವಿರುವುದಿಲ್ಲ. ಪ್ರಕಾರದ ನಿಜವಾದ ಆಕರ್ಷಣೆ ಇರುವುದು ಈ ವಿರೋಧಾಭಾಸದಲ್ಲಿ. ಕುದುರೆ, ಟೋಪಿ, ಪಿಸ್ತೂಲುಗಳು ಅದರ ವೇಷಭೂಷಣ ಮಾತ್ರ. ಹಿಂಸೆಯಿಲ್ಲದೆ ಕಾನೂನು ಹುಟ್ಟುವುದಿಲ್ಲ, ಹುಟ್ಟಿದ ಕಾನೂನು ಆ ಹಿಂಸೆಯನ್ನು ಒಪ್ಪಿಕೊಳ್ಳಲಾರದು ಎಂಬ ಇಕ್ಕಟ್ಟನ್ನು ಇಷ್ಟು ಸರಳವಾದ ಕಥೆಯಲ್ಲಿ ಹಿಡಿದಿಟ್ಟ ಜನಪ್ರಿಯ ಪ್ರಕಾರಗಳು ವಿರಳ.

ಈ ಆಕರ್ಷಣೆ ಅಮೆರಿಕದವರಿಗಷ್ಟೇ ಮೀಸಲಾದುದಲ್ಲ. ಗಡಿಯ ಬದುಕು ಕೋಲಾರದ ನೆಲಕ್ಕೆ ಹೊಸದೂ ಅಲ್ಲ. ಮುಳಬಾಗಿಲಿನ ಹೆಸರೇ 'ಮೂಡಲ ಬಾಗಿಲು' ಎಂಬುದರಿಂದ ಬಂದುದು. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟವನ್ನು ತೆರೆದರೆ, ಗಂಗ, ಬಾಣ, ನೊಳಂಬರು ಪರಸ್ಪರ ಒತ್ತಿ ನಿಂತಿದ್ದ ಈ ಸೀಮೆಯಲ್ಲಿ ತುರುಗೊಳ್ ಕಾಳಗದಲ್ಲಿ ಮಡಿದವರ ವೀರಗಲ್ಲುಗಳು ಸಾಲುಸಾಲಾಗಿ ಎದುರಾಗುತ್ತವೆ. ದನ ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ ಹೋಗುವುದು, ದನವನ್ನು ಮರಳಿಸಿ ತಾನು ಬೀಳುವುದು, ಊರವರು ಕಲ್ಲು ನಿಲ್ಲಿಸುವುದು ಈ ವಸ್ತುವಿಗೂ ಹಾಲಿವುಡ್ಡಿನ ದನಗಾಹಿ ಕಥೆಗಳಿಗೂ ಇರುವ ಸಾಮ್ಯ ಮೇಲ್ನೋಟದ್ದೆಂದು ತಳ್ಳಿಹಾಕುವಂತಿಲ್ಲ. ಆದರೆ ವ್ಯತ್ಯಾಸವೂ ಅಷ್ಟೇ ಮುಖ್ಯ. ವೆಸ್ಟರ್ನ್ ನಾಯಕ ದಿಗಂತದ ಕಡೆಗೆ ಕುದುರೆ ಏರಿ ಹೊರಡುತ್ತಾನೆ; ವೀರಗಲ್ಲಿನ ನಾಯಕ ಸಾಯುತ್ತಾನೆ, ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಸಲ್ಲುತ್ತದೆ. ಮೇಲಿನ ಪಟ್ಟಿಕೆಯಲ್ಲಿ ದೇವಕನ್ನಿಕೆಯರು ಅವನನ್ನು ಕೈಲಾಸಕ್ಕೆ ಒಯ್ಯುತ್ತಿರುವಾಗಲೂ ಶಾಸನ ಭೂಮಿಯ ಲೆಕ್ಕವನ್ನು ಮರೆಯುವುದಿಲ್ಲ. ವೀರತ್ವದ ಬೆಲೆಯನ್ನು ಯಾರು ತೆತ್ತರು, ಯಾರಿಗೆ ಏನು ಸಂದಿತು ಎಂಬ ಲೆಕ್ಕವನ್ನು ಕಲ್ಲಿನ ಮೇಲೆಯೇ ಬರೆದಿಡುವ ಈ ಪರಂಪರೆ, ಮುಂದೆ ಚರ್ಚಿಸಲಿರುವ ಪುನರ್‌ವಿಮರ್ಶಕ ಸಿನಿಮಾಕ್ಕೆ ಶಾಸ್ತ್ರೀಯ ವೆಸ್ಟರ್ನಿಗಿಂತ ಹತ್ತಿರದ್ದು.

ಪುನರ್‌ವಿಮರ್ಶಕ ವೆಸ್ಟರ್ನ್ ಒಂದು ಆಂದೋಲನವಾಗಿ ಒಮ್ಮೆಲೇ ಹುಟ್ಟಿದ್ದಲ್ಲ. ಪ್ರಕಾರದ ಪಿತಾಮಹನೆನಿಸಿದ ಜಾನ್ ಫೋರ್ಡ್ ಸ್ವತಃ 1956ರ 'ದಿ ಸರ್ಚರ್ಸ್'ನಲ್ಲಿ ನಾಯಕನ ಜನಾಂಗದ್ವೇಷವನ್ನೂ, 1962ರ 'ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್'ನಲ್ಲಿ ಕಾನೂನಿನ ಅಡಿಪಾಯದಲ್ಲಿ ಹುದುಗಿದ ಸುಳ್ಳನ್ನೂ ಮುಟ್ಟಿ ನೋಡಿದ್ದ. ಅಕಿರ ಕುರೊಸಾವನ 'ಯೋಜಿಂಬೊ'ವನ್ನು ಆಧರಿಸಿ 1964ರಲ್ಲಿ ಇಟಲಿಯ ಸೆರ್ಜಿಯೊ ಲಿಯೋನೆ ತೆಗೆದ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ನಾಯಕನನ್ನು ಕೂಲಿಗಾಗಿ ಕೊಲ್ಲುವವನನ್ನಾಗಿಸಿತು. ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಸಂದೇಹ ದಟ್ಟವಾಯಿತು. 1971ರಲ್ಲಿ ಬಂದ ರಾಬರ್ಟ್ ಆಲ್ಟ್‌ಮನ್ ನಿರ್ದೇಶನದ 'ಮೆಕೇಬ್ ಅಂಡ್ ಮಿಸೆಸ್ ಮಿಲ್ಲರ್' ಈ ಸಾಲಿನಲ್ಲಿ ಕೋಲಾರದ ಓದುಗರಿಗೆ ವಿಶೇಷವಾಗಿ ಪ್ರಸ್ತುತವಾದುದು. ಏಕೆಂದರೆ ಅದು ಗಣಿ ಊರೊಂದರ ಕಥೆ.

ವಾಷಿಂಗ್ಟನ್ ಪ್ರಾಂತ್ಯದ ಬೆಟ್ಟಗಳ ನಡುವೆ ಸತುವಿನ ಗಣಿಯ ಸುತ್ತ ಮರದ ಹಲಗೆಗಳಿಂದ ಏಳುತ್ತಿರುವ ಊರು. ಜೂಜುಗಾರ ಮೆಕೇಬ್ ಅಲ್ಲಿಗೆ ಬಂದು ಸೂಳೆಗೇರಿಯನ್ನು ತೆರೆಯುತ್ತಾನೆ. ವ್ಯವಹಾರ ಬಲ್ಲ ಮಿಸೆಸ್ ಮಿಲ್ಲರ್ ಪಾಲುದಾರಳಾಗುತ್ತಾಳೆ. ಮೆಕೇಬ್ ಹಿಂದೊಮ್ಮೆ ಯಾರನ್ನೋ ಗುಂಡಿಟ್ಟು ಕೊಂದ ಶೂರನೆಂದು ಊರಲ್ಲಿ ಪುಕಾರು ಹಬ್ಬುತ್ತದೆ. ಅವನು ಅದನ್ನು ಅಲ್ಲಗಳೆಯುವುದೂ ಇಲ್ಲ, ಒಪ್ಪುವುದೂ ಇಲ್ಲ. ಊರು ಲಾಭದಾಯಕವಾದೊಡನೆ ಗಣಿ ಕಂಪನಿಯ ಪ್ರತಿನಿಧಿಗಳು ಎಲ್ಲವನ್ನೂ ಕೊಳ್ಳಲು ಬರುತ್ತಾರೆ. ಹೆಚ್ಚಿನ ಬೆಲೆಗಾಗಿ ಅವನು ಚೌಕಾಸಿ ಮಾಡುತ್ತಾನೆ. ಅವರು ಹೊರಟುಹೋಗುತ್ತಾರೆ, ಅವರ ಬದಲು ಮೂವರು ಕೊಲೆಗಾರರು ಬರುತ್ತಾರೆ. ಕೊನೆಯ ಕಾಳಗದಲ್ಲಿ ಮೆಕೇಬ್ ಎದುರು ನಿಂತು ಹೋರಾಡುವುದಿಲ್ಲ. ಅಡಗಿ, ಬೆನ್ನ ಹಿಂದಿನಿಂದ ಗುಂಡು ಹಾರಿಸುತ್ತಾನೆ. ಮೂವರೂ ಸಾಯುತ್ತಾರೆ. ಗಾಯಗೊಂಡ ಅವನು ಹಿಮದಲ್ಲಿ ಕುಸಿದು ಕುಳಿತಲ್ಲೇ ಹೆಪ್ಪುಗಟ್ಟುತ್ತಾನೆ. ಆ ಹೊತ್ತಿಗೆ ಊರವರೆಲ್ಲ ಹೊತ್ತಿ ಉರಿಯುತ್ತಿರುವ ಚರ್ಚನ್ನು ಆರಿಸುವುದರಲ್ಲಿ ಮಗ್ನರು. ಒಬ್ಬರೂ ಅವನನ್ನು ನೋಡುವುದಿಲ್ಲ. ಮಿಸೆಸ್ ಮಿಲ್ಲರ್ ಚೀನೀಯರ ಕೇರಿಯ ಅಫೀಮಿನ ಮನೆಯಲ್ಲಿ ಮಲಗಿದ್ದಾಳೆ.

ಈ ಚಿತ್ರದ ಹಿರಿಮೆಯು ನಾಯಕನನ್ನು ದುರ್ಬಲನನ್ನಾಗಿ ತೋರಿಸಿದ್ದರಲ್ಲಿ ಮಾತ್ರ ಇಲ್ಲ. ಅಷ್ಟನ್ನು ಎರಡನೆಯ ದರ್ಜೆಯ ಚಿತ್ರಗಳೂ ಮಾಡಬಲ್ಲವು. ಆಲ್ಟ್‌ಮನ್ ಹಗೆಯ ನೆಲೆಯನ್ನೇ ಬದಲಿಸುತ್ತಾನೆ. ಶಾಸ್ತ್ರೀಯ ವೆಸ್ಟರ್ನಿನಲ್ಲಿ ದುಷ್ಟನಿಗೆ ಮುಖವಿರುತ್ತದೆ, ಅವನನ್ನು ಕೊಂದರೆ ದುಷ್ಟತನ ಮುಗಿಯುತ್ತದೆ. ಇಲ್ಲಿ ಕೊಲೆಗಾರರು ಸತ್ತರೂ ಕಂಪನಿ ಸಾಯುವುದಿಲ್ಲ. ಅದರ ಒಡೆಯರು ತೆರೆಯ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಸೀಮಾಂತವನ್ನು ಮುಗಿಸುವುದು ಕಾನೂನಲ್ಲ, ಬಂಡವಾಳ ಎಂಬುದನ್ನು ಒಂದು ಭಾಷಣವೂ ಇಲ್ಲದೆ ಚಿತ್ರ ಹೇಳುತ್ತದೆ. ಎರಡನೆಯದಾಗಿ, ಚಿತ್ರೀಕರಣದ ಜೊತೆಜೊತೆಗೇ ಬಡಗಿಗಳು ಊರನ್ನು ಕಟ್ಟುತ್ತ ಹೋದದ್ದರಿಂದ, ಊರೆಂದರೆ ಬಹುಜನರ ದುಡಿಮೆ ಎಂಬುದು ಪ್ರತಿ ಚೌಕಟ್ಟಿನ ಹಿನ್ನೆಲೆಯಲ್ಲಿ ಕಾಣುತ್ತದೆ. ಸಂಭಾಷಣೆಗಳು ಒಂದರ ಮೇಲೊಂದು ಬೀಳುತ್ತವೆ. ನಾಯಕನ ಮಾತಿಗೆಂದು ಉಳಿದವರು ಬಾಯಿಮುಚ್ಚಿಕೊಳ್ಳುವುದಿಲ್ಲ. ಇದು ಬರಿಯ ಧ್ವನಿಮುದ್ರಣದ ಚಮತ್ಕಾರವಲ್ಲ, ಒಂದು ರಾಜಕೀಯ ನಿಲುವೂ ಹೌದು.

ಇಪ್ಪತ್ತೊಂದು ವರ್ಷಗಳ ಬಳಿಕ, 1992ರಲ್ಲಿ, ಕ್ಲಿಂಟ್ ಈಸ್ಟ್‌ವುಡ್ 'ಅನ್‌ಫರ್‌ಗಿವನ್' ಚಿತ್ರದಲ್ಲಿ ಕಥೆಗಾರನನ್ನೇ ಕಟಕಟೆಗೆ ಎಳೆದ. ಅಲ್ಲಿ ಬ್ಯೂಷಾಂಪ್ ಎಂಬ ಲೇಖಕ ಬಂದೂಕುಗಾರನೊಬ್ಬನ ಚರಿತ್ರೆಯನ್ನು ಬಣ್ಣಕಟ್ಟಿ ಬರೆದು ಮಾರುತ್ತಿರುತ್ತಾನೆ. ಘಟನೆಯನ್ನು ಕಣ್ಣಾರೆ ಕಂಡಿದ್ದ ಶೆರಿಫ್ ಆ ಪುಸ್ತಕವನ್ನು ಓದಿ ನಗುತ್ತ ಒಂದೊಂದೇ ಸುಳ್ಳನ್ನು ಬಿಚ್ಚುತ್ತಾನೆ. ವೀರಕಥೆಯನ್ನು ಯಾರು, ಯಾರಿಗಾಗಿ ಬರೆಯುತ್ತಾರೆ ಎಂಬ ಪ್ರಶ್ನೆ ಇಲ್ಲಿ ಪ್ರಕಾರದ ಒಳಗಿನಿಂದಲೇ ಎದ್ದಿದೆ.

ದಕ್ಷಿಣ ಭಾರತಕ್ಕೆ ವೆಸ್ಟರ್ನ್ ಬಂದದ್ದು ಹೆಚ್ಚಾಗಿ ಲಿಯೋನೆಯ ಇಟಾಲಿಯನ್ ದಾರಿಯಿಂದ. ಕೆ.ಎಸ್.ಆರ್. ದಾಸ್ ನಿರ್ದೇಶಿಸಿ ಕೃಷ್ಣ ನಟಿಸಿದ ತೆಲುಗಿನ 'ಮೋಸಗಾಳ್ಳಕು ಮೋಸಗಾಡು' ತೆರೆಕಂಡದ್ದು 1971ರಲ್ಲಿ. ಆಲ್ಟ್‌ಮನ್ನನ ಚಿತ್ರ ಬಂದ ವರ್ಷವೇ ಎಂಬುದು ಗಮನಾರ್ಹ. ಅಲ್ಲಿ ಪ್ರಕಾರ ತನ್ನ ಬುಡವನ್ನು ತಾನೇ ಅಗೆಯುತ್ತಿದ್ದಾಗ ಇಲ್ಲಿ ಅದು ಟೋಪಿ, ಬೂಟು ಧರಿಸಿ ಮೊದಲ ಹೆಜ್ಜೆ ಇಡುತ್ತಿತ್ತು. ಮುಳಬಾಗಿಲು, ಶ್ರೀನಿವಾಸಪುರಗಳಂತಹ ತೆಲುಗು ಮನೆಮಾತಿನ ಗಡಿ ತಾಲ್ಲೂಕುಗಳಲ್ಲಿ, ತಮಿಳುನಾಡಿಗೆ ತಾಗಿಕೊಂಡ ಮಾಲೂರಿನಲ್ಲಿ ಪ್ರೇಕ್ಷಕನ ರುಚಿಯನ್ನು ಒಂದೇ ಭಾಷೆಯ ಸಿನಿಮಾ ರೂಪಿಸಲಿಲ್ಲವೆಂಬುದನ್ನು ನೆನಪಿಡಬೇಕು. 1975ರ 'ಶೋಲೆ' ರಾಮನಗರದ ಬಂಡೆಗಳನ್ನೇ ಪಶ್ಚಿಮದ ಭೂದೃಶ್ಯವನ್ನಾಗಿಸಿತು. ಕನ್ನಡದಲ್ಲಿ ಸಚಿನ್ ರವಿ ನಿರ್ದೇಶನದ 2019ರ 'ಅವನೇ ಶ್ರೀಮನ್ನಾರಾಯಣ' ವೆಸ್ಟರ್ನ್ ಚಹರೆಗಳನ್ನು ನಾಟಕ ಕಂಪನಿಯ ಕಥೆಯೊಂದಿಗೆ ಹೆಣೆದು, ಅಮರಾವತಿಯೆಂಬ ಕಲ್ಪಿತ ಊರಿನಲ್ಲಿ ವಿನೋದವಾಗಿ ಆಡಿಸಿತು. ಅದಕ್ಕೆ ತಾನು ಆಟವೆಂಬ ಅರಿವಿದೆ. 'ಕೆ.ಜಿ.ಎಫ್.'ಗೆ ಅಂತಹ ಅರಿವಿಲ್ಲ. ಅದು ನಿಜದ ಊರಿನ ಹೆಸರನ್ನು ಹೊತ್ತಿದೆ.

ಆ ನಿಜದ ಊರು ವೆಸ್ಟರ್ನ್ ಕಥನಕ್ಕೆ ಎಷ್ಟು ಹತ್ತಿರದ್ದೆಂದರೆ ಹೋಲಿಕೆಯನ್ನು ಹೊರಗಿನಿಂದ ತರಬೇಕಾಗಿಯೇ ಇಲ್ಲ. ಟಿಪ್ಪುವಿನ ಪತನಾನಂತರ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ವರದಿ ಮಾಡಿದ. ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ವಿರುದ್ಧದ ಯುದ್ಧದಲ್ಲಿ ಪಾಲ್ಗೊಂಡು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೇಲ್ ಲ್ಯಾವೆಲ್ ಆ ವರದಿಯನ್ನು ಓದಿ, 1871ರಲ್ಲಿ ಎತ್ತಿನ ಗಾಡಿಯಲ್ಲಿ ಹೊರಟು ಬಂದು ಹುಡುಕಾಟ ನಡೆಸಿದ. 1873ರಲ್ಲಿ ಮೈಸೂರು ಸರ್ಕಾರವನ್ನು ಪರವಾನಗಿ ಕೇಳಿದ. ಮೂಲನಿವಾಸಿಗಳ ನೆಲವನ್ನು ಕಸಿಯುವ ಒಂದು ಸೀಮಾಂತದಿಂದ ಎದ್ದುಬಂದವನು ಇನ್ನೊಂದನ್ನು ತೆರೆದನೆಂಬುದು ಕೇವಲ ಕಾಕತಾಳೀಯವಲ್ಲ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಒಬ್ಬಂಟಿ ಸಾಹಸಿಯ ಯುಗ ಮುಗಿದು ಕಂಪನಿಯ ಯುಗ ಆರಂಭವಾಯಿತು. ಮೆಕೇಬನ ಕಥೆಯಲ್ಲಿ ನಡೆಯುವುದೂ ಇದೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಬಂತು. ಮುಂದೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು; 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು.

ಪ್ರಶಾಂತ್ ನೀಲ್ ಅವರ ಚಿತ್ರದಲ್ಲಿ ಇವು ಯಾವುವೂ ಇಲ್ಲ. ಚಿನ್ನ 1951ರಲ್ಲಿ, ನಾಯಕ ಹುಟ್ಟಿದ ದಿನವೇ, 'ನರಾಚಿ'ಯೆಂಬ ಕಲ್ಪಿತ ಸ್ಥಳದಲ್ಲಿ ಸಿಗುತ್ತದೆ. ಇಡೀ ಗಣಿ ಹೊರಲೋಕಕ್ಕೆ ಗುಟ್ಟು. ಕಲ್ಪನೆಗೆ ಅವಕಾಶವಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆಲ್ಟ್‌ಮನ್ನನ ಊರೂ ಕಲ್ಪಿತವೇ. ವಿಚಾರಿಸಬೇಕಾದದ್ದು ಕಲ್ಪನೆ ಏನನ್ನು ತೆರೆಯಿತು, ಏನನ್ನು ಮುಚ್ಚಿತು ಎಂಬುದನ್ನು. ಚಿತ್ರದ ಕುಶಲತೆಯನ್ನು ಅಲ್ಲಗಳೆಯಲಾಗದು. ಭುವನ್ ಗೌಡರ ಛಾಯಾಗ್ರಹಣದಲ್ಲಿ ಧೂಳು, ಬೆಂಕಿ, ಬೆವರು ಒಂದೇ ಬಣ್ಣದಲ್ಲಿ ಕರಗುವ ಬಗೆ, ದೃಶ್ಯಗಳನ್ನು ಚೂರುಚೂರಾಗಿ ಕತ್ತರಿಸಿ ಜೋಡಿಸಿದ ಸಂಕಲನ, ರವಿ ಬಸ್ರೂರರ ವೃಂದಘೋಷ ಇವೆಲ್ಲ ಕನ್ನಡ ಜನಪ್ರಿಯ ಸಿನಿಮಾಕ್ಕೆ ಹೊಸ ಮೈಕಟ್ಟನ್ನು ತಂದುಕೊಟ್ಟವು. ಕಥೆಯನ್ನು ಹೇಳುವವನು ಆನಂದ ಇಂಗಳಗಿ ಎಂಬ ಪತ್ರಕರ್ತ. ಅವನು ಬರೆದ 'ಎಲ್ ಡೊರಾಡೊ' ಎಂಬ ಪುಸ್ತಕವನ್ನು ಸರ್ಕಾರ ನಿಷೇಧಿಸಿದೆ. ಸ್ಪೇನಿನ ಆಕ್ರಮಣಕಾರರು ದಕ್ಷಿಣ ಅಮೆರಿಕದಲ್ಲಿ ಹುಡುಕುತ್ತ ಹೋದ ಚಿನ್ನದ ನಾಡಿನ ಹೆಸರು ಅದು.

ಬ್ಯೂಷಾಂಪ್ ಮತ್ತು ಇಂಗಳಗಿ ಇಬ್ಬರನ್ನೂ ಅಕ್ಕಪಕ್ಕದಲ್ಲಿರಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಇಂಗಳಗಿಯ ಕಥೆಯನ್ನು ಕೇಳುವ ವಾಹಿನಿಯ ಸಂಪಾದಕಿ ಆರಂಭದಲ್ಲಿ ಸಂಶಯ ವ್ಯಕ್ತಪಡಿಸುತ್ತಾಳೆ. ಆದರೆ ಆ ಸಂಶಯ ಕಥೆಯನ್ನು ಅಲುಗಿಸುವುದಿಲ್ಲ. ಪ್ರತಿ ಪ್ರಶ್ನೆಯೂ ನಾಯಕನ ಇನ್ನೊಂದು ಪರಾಕ್ರಮಕ್ಕೆ ಪೀಠಿಕೆಯಾಗುತ್ತದೆ. ನಿಷೇಧವೂ ಪುಸ್ತಕದ ಸತ್ಯಕ್ಕೆ ಮುದ್ರೆಯೊತ್ತುವ ಉಪಾಯವೇ. ಈಸ್ಟ್‌ವುಡ್‌ನಲ್ಲಿ ಪುರಾಣವನ್ನು ಬಿಚ್ಚಲು ಬಂದ ಸಾಧನವನ್ನು ಇಲ್ಲಿ ಪುರಾಣವನ್ನು ಬಿಗಿಯಲು ಬಳಸಲಾಗಿದೆ. ನಾಯಕನ ನೈತಿಕ ಕಪ್ಪಿನ ಬಗೆಗೂ ಇದನ್ನೇ ಹೇಳಬಹುದು. ಅವನು ಗರುಡನನ್ನು ಕೊಂದು ನರಾಚಿಯ ಒಡೆಯನಾದ ಮೇಲೆ ಜನ ಮತ್ತೆ ಅದೇ ಚಿನ್ನವನ್ನು ಅವನಿಗಾಗಿ ಅಗೆಯುತ್ತಾರೆ. ಆಲ್ಟ್‌ಮನ್ನನ ಕೈಯಲ್ಲಿ ಈ ಒಂದೇ ಸಂಗತಿ ಇಡೀ ಚಿತ್ರವಾಗುತ್ತಿತ್ತು. ಎರಡನೆಯ ಭಾಗ ಅದನ್ನು ಕೃತಜ್ಞತೆಯ ದೃಶ್ಯವಾಗಿ ದಾಟಿಬಿಡುತ್ತದೆ. ಹಿಂದೆ ಬಲವಂತದ ದುಡಿಮೆಯಾಗಿದ್ದುದು ಈಗ ಭಕ್ತಿಯ ದುಡಿಮೆಯಾಗಿದೆ. ದುಡಿಮೆ ಹಾಗೆಯೇ ಇದೆ.

ಚಿತ್ರದ ಅತ್ಯಂತ ಗಂಭೀರ ಕೊರತೆ ಇರುವುದು ಗಣಿಯ ಜನರ ಚಿತ್ರಣದಲ್ಲಿ. ನರಾಚಿಯ ಜನರಿಗೆ ಸಂಘವಿಲ್ಲ, ಓದಿಲ್ಲ, ತಮ್ಮದೇ ಎನ್ನಬಹುದಾದ ಚರಿತ್ರೆಯಿಲ್ಲ. ತಾಯಿಯೊಬ್ಬಳ ಅಳು, ಕುರುಡ ಮುದುಕನೊಬ್ಬನ ನಡುಕ ಇವು ನಾಯಕನ ರೋಷವನ್ನು ಎಬ್ಬಿಸಲು ಬೇಕಾದ ಸಾಮಗ್ರಿ. ಅವರ ಬದುಕನ್ನು ಬರೆಯಲು ಹೊರಗಿನಿಂದ ಒಬ್ಬ ಪತ್ರಕರ್ತ ಬರಬೇಕು, ಬಿಡಿಸಲು ಮುಂಬಯಿಯಿಂದ ಒಬ್ಬ ಹಂತಕ ಬರಬೇಕು. ನಿಜದ ಗಣಿ ಊರಿನಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಉತ್ತರ ಆರ್ಕಾಟ್ ಮೊದಲಾದ ಜಿಲ್ಲೆಗಳಿಂದ ಬಂದ ತಮಿಳು ದಲಿತರು, ಚಿತ್ತೂರು ಸೀಮೆಯ ತೆಲುಗರು, ಸುತ್ತಣ ಹಳ್ಳಿಗಳ ಕನ್ನಡಿಗರು ಇಲ್ಲಿ ದುಡಿದರು. ಪಂಡಿತ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಕೆಲಸ ಮಾಡುತ್ತಿದ್ದವು. 1914ರಲ್ಲಿ ಅವರು ತೀರಿಕೊಂಡ ಬಳಿಕ ಅವರ 'ತಮಿಳನ್' ಪತ್ರಿಕೆ ಮುಂದೆ 1920ರ ದಶಕದಲ್ಲಿ ಈ ಗಣಿ ಪ್ರದೇಶದಿಂದಲೇ ಹೊರಬಂತು. ಅಂದರೆ, ಯಾರ ಕೈಯಲ್ಲಿ ಸಲಿಕೆಯಷ್ಟೇ ಇತ್ತೆಂದು ಸಿನಿಮಾ ಕಲ್ಪಿಸುತ್ತದೆಯೋ ಅವರ ನಡುವೆ ಅಚ್ಚಿನ ಮೊಳೆಯೂ ಇತ್ತು. 1930ರಲ್ಲಿ ಬೆರಳಚ್ಚಿನ ದಾಖಲೆಯನ್ನು ವಿರೋಧಿಸಿ ಅವರು ಮುಷ್ಕರ ಹೂಡಿದರು. 1946ರ ನವೆಂಬರ್‌ನಲ್ಲಿ ಮುಷ್ಕರದ ಮಧ್ಯೆ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಜಾನಕಿ ನಾಯರ್ ಅವರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' ಗ್ರಂಥ ಈ ಹೋರಾಟಗಳನ್ನು ವಿಸ್ತಾರವಾಗಿ ದಾಖಲಿಸಿದೆ. ನಾಯಕನಿಲ್ಲದೆಯೇ ನಡೆದ ಪ್ರತಿರೋಧದ ಚರಿತ್ರೆಯೊಂದನ್ನು, ನಾಯಕನಿಗಾಗಿ ಕಾಯುವ ಗುಂಪಿನ ಕಥೆಯನ್ನಾಗಿ ಮಾರ್ಪಡಿಸಿದಾಗ ನಷ್ಟವಾಗುವುದು ಮಾಹಿತಿಯಷ್ಟೇ ಅಲ್ಲ.

ಪ್ರೇಕ್ಷಕರು ಬಯಸುವುದು ಮನರಂಜನೆಯನ್ನೇ ಹೊರತು ಚರಿತ್ರೆಯನ್ನಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ವೆಸ್ಟರ್ನ್ ಕೂಡ ಮನರಂಜನೆಯಾಗಿಯೇ ಒಂದು ರಾಷ್ಟ್ರದ ಸ್ಥಾಪನೆಯ ಕಥೆಯನ್ನು ಹಲವು ತಲೆಮಾರುಗಳ ಮನಸ್ಸಿನಲ್ಲಿ ನೆಟ್ಟಿತು. ರೆಡ್ ಇಂಡಿಯನ್ನರೆಂದು ಕರೆಸಿಕೊಂಡ ಮೂಲನಿವಾಸಿಗಳು ತೆರೆಯ ಮೇಲೆ ಕೇಕೆಯಾಗಿ, ಬಾಣವಾಗಿ ಮಾತ್ರ ಉಳಿದಿದ್ದರು. 1970ರ 'ಲಿಟಲ್ ಬಿಗ್ ಮ್ಯಾನ್'ನಂತಹ ಚಿತ್ರಗಳು ಅವರಿಗೆ ಮಾತು ಕೊಟ್ಟಾಗ ಪ್ರಕಾರದ ರಂಜನೆಯೇನೂ ಕುಗ್ಗಲಿಲ್ಲ.

ಕೋಲಾರದ ಚಿನ್ನದ ಕುರಿತು ಅಂತಹ ಪುನರ್‌ವಿಮರ್ಶೆಯ ಪ್ರಯತ್ನ ಬಂದದ್ದು ತಮಿಳಿನಿಂದ. ಪಾ. ರಂಜಿತ್ ನಿರ್ದೇಶಿಸಿ ವಿಕ್ರಮ್ ನಟಿಸಿದ 'ತಂಗಲಾನ್' 2024ರ ಆಗಸ್ಟ್ 15ರಂದು ಬಿಡುಗಡೆಯಾಯಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಜಮೀನ್ದಾರನಿಂದ ಭೂಮಿ ಕಳೆದುಕೊಂಡ ದಲಿತ ಕುಟುಂಬವೊಂದು ಬ್ರಿಟಿಷ್ ಅಧಿಕಾರಿಯ ಮಾತು ನಂಬಿ ಚಿನ್ನ ಹುಡುಕಲು ಹೊರಡುವ ಕಥೆ ಅದು. ಇಲ್ಲಿ ಚಿನ್ನ ಆಸೆಯ ವಸ್ತುವಷ್ಟೇ ಅಲ್ಲ. ಕಳೆದುಕೊಂಡ ನೆಲದ, ಅಳಿಸಿಹೋದ ಬೌದ್ಧ ಸ್ಮೃತಿಯ ಕುರುಹು. ಹೆಂಗಸರಿಗೆ ಮೊದಲ ಬಾರಿಗೆ ರವಿಕೆ ದೊರೆತಾಗಿನ ಸಂಭ್ರಮದ ಹಾಡು ಆ ಚಿತ್ರದ ಶ್ರೇಷ್ಠ ಭಾಗ. ಒಂದು ತುಂಡು ಬಟ್ಟೆಯಲ್ಲಿ ಜಾತಿಯ ಇಡೀ ಚರಿತ್ರೆ ಕಾಣುತ್ತದೆ. ದೋಷಗಳೂ ಇವೆ. ಮಾಂತ್ರಿಕತೆ ಅತಿಯಾಗಿ ದ್ವಿತೀಯಾರ್ಧ ಗೋಜಲಾಗುತ್ತದೆ. ಕೊನೆಗೆ ಅದೂ ಒಬ್ಬ ನಾಯಕನ ಆವೇಶಕ್ಕೆ ಶರಣಾಗುತ್ತದೆ. ಕಂಪನಿಯ ಯುಗವನ್ನು, ಸಂಘಟನೆಯ ಯುಗವನ್ನು ಅದು ಮುಟ್ಟುವುದಿಲ್ಲ. ಹಾಗಿದ್ದರೂ ಅಗೆಯುವವನ ಕಣ್ಣಿನಿಂದ ಗಣಿಯನ್ನು ನೋಡಬೇಕೆಂಬ ಛಲ ಅದಕ್ಕಿದೆ, ಮತ್ತು ಆ ಕಣ್ಣು ಈ ಜಿಲ್ಲೆಯ ಜನರದೇ. ಗಣಿ ಕಾರ್ಮಿಕರ ಸ್ಮೃತಿ ತಮಿಳು, ತೆಲುಗುಗಳಲ್ಲಿ ಸಂಚಯಗೊಂಡಿರುವಾಗ ಕನ್ನಡದ ಪಾಲಿಗೆ ಪುರಾಣ ಮಾತ್ರ ಬಂದಿರುವುದು ಭಾಷಾವಾರು ರಾಜ್ಯದೊಳಗಿನ ಬಹುಭಾಷಿಕ ಜಿಲ್ಲೆಯ ಕುರಿತು ಕನ್ನಡ ಅಧ್ಯಯನಗಳು ಎತ್ತಿಕೊಳ್ಳಬೇಕಾದ ಪ್ರಶ್ನೆ.

ಭೂದೃಶ್ಯದ ವಿಷಯವಾಗಿ ಒಂದು ಮಾತು ಉಳಿದಿದೆ. ಫೋರ್ಡ್ ತನ್ನ ಚಿತ್ರಗಳಿಗೆ ಮಾನ್ಯುಮೆಂಟ್ ಕಣಿವೆಯನ್ನು ಆರಿಸಿಕೊಂಡದ್ದು ಅಲ್ಲಿನ ಬಂಡೆಗಳ ಗಾಂಭೀರ್ಯಕ್ಕಾಗಿ. ಅದು ನವಾಹೊ ಜನರ ನೆಲವೆಂಬುದು ಆ ಚಿತ್ರಗಳಲ್ಲಿ ಹಿನ್ನೆಲೆಗೆ ಸರಿಯಿತು. 'ಕೆ.ಜಿ.ಎಫ್.' ಚಿತ್ರದ ನರಾಚಿಯನ್ನು ಕಟ್ಟಿದ್ದು ಗಣಿಯ ಸಯನೈಡ್ ದಿಬ್ಬಗಳ ಮೇಲೆ. ಪುಡಿಮಾಡಿದ ಅದಿರಿನಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಬೂದುಬಣ್ಣದ ಮಣ್ಣಿನ ರಾಶಿಗಳು ಅವು. ಶತಮಾನಕ್ಕೂ ಮಿಕ್ಕಿದ ದುಡಿಮೆಯ ಶೇಷ. ಒಣಗಾಳಿ ಬೀಸುವ ತಿಂಗಳುಗಳಲ್ಲಿ ಅವುಗಳ ಧೂಳು ಕಾರ್ಮಿಕರ ವಸತಿ ಸಾಲುಗಳ ಮೇಲೆ ಇಳಿಯುತ್ತದೆ. ತೆರೆಯ ಮೇಲೆ ಆ ಬೂದು ನೆಲ ನಾಯಕನ ಹೆಜ್ಜೆಗೆ ಭವ್ಯ ಹಿನ್ನೆಲೆಯಾಗಿದೆ. ಅದು ಏನೆಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. 2024ರ ಜೂನ್‌ನಲ್ಲಿ ಅಂತಹ 13 ದಿಬ್ಬಗಳಲ್ಲಿ ಮತ್ತೆ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು.